ದನಿ ತಿದ್ದೋದು ಸಾಫ್ಟ್‌ವೇರ್ ಅಲ್ಲ, ಕಿವಿ!

ಔರಾದ್ ತಾಲ್ಲೂಕಿನ ನಮ್ಮ ಚಿಂತಾಕಿಯಲ್ಲಿ ಗೆಳೆಯರದೊಂದು ಹಾಡಿನ ತಂಡ ಇದೆ. ಕೀಬೋರ್ಡು, ತಬಲಾ, ಗಿಟಾರು, ಒಬ್ಬ ಹಾಡುಗಾರ. ಯಾರಿಗೂ ಸಂಗೀತ ಹೊಟ್ಟೆಪಾಡಲ್ಲ. ಹೋದ ವರ್ಷ ದುಡ್ಡು ಕೂಡಿಸಿ ಒಂದು ಸ್ಟುಡಿಯೋದಲ್ಲಿ ವಚನ ರೆಕಾರ್ಡ್ ಮಾಡಿಸಿದೆವು. ಅವರು ಸ್ವರಗಳನ್ನೆಲ್ಲ "ಸರಿ" ಮಾಡಿ ಕೊಟ್ಟರು. ಹಾಡುಗಾರ ಕೇಳಿ ಅಂದದ್ದು ಇಷ್ಟೇ: "ಇದು ನನ್ ದನಿ ಅಲ್ಲೋ. ನಾ ಇನ್ ಹಾಡಂಗಿಲ್ಲ."

"ಎಲ್ಲಾರೂ ಆಟೋಟ್ಯೂನ್ ಹಾಕ್ತಾರ, ಇವಂಗೇನು ತ್ರಾಸು?" ಅಂತ ಉಳಿದವರ ವಾದ.

ತ್ರಾಸು ಇದೆ ಸ್ವಾಮಿ! 1997ರಲ್ಲಿ ಬಂದ ಈ ತಂತ್ರಾಂಶ ದನಿಯನ್ನು ಹತ್ತಿರದ ಸ್ವರಕ್ಕೆ ಎಳೆದು ಕೂರಿಸುತ್ತೆ. ಜೋರಾಗಿ ಹಾಕಿದರೆ ಮೀಂಡ್ ಹೋಗಿ ಮೆಟ್ಟಿಲಾಗುತ್ತೆ. 1940ರಲ್ಲಿ ಆಕಾಶವಾಣಿ ಹಾರ್ಮೋನಿಯಂ ಅನ್ನು ಹೊರಗಿಟ್ಟಿತ್ತು. ಅದು ಸ್ವರದಿಂದ ಸ್ವರಕ್ಕೆ ಜಾರಲಾರದು ಅನ್ನೋದೂ ಆಗಿನ ದೂರುಗಳಲ್ಲೊಂದು. ಪೆಟ್ಟಿಗೆಗೆ ಜಾರಲು ಬರಲ್ಲ, ಒಪ್ಪೋಣ. ಜಾರಬಲ್ಲ ಗಂಟಲನ್ನೇ ಪೆಟ್ಟಿಗೆ ಮಾಡೋದು ಯಾವ ಜಾಣತನ?

ನಾನು ಕೋಡ್ ಬರೆಯುವವನು. ಔಟ್‌ಪುಟ್ ತಿದ್ದಿದರೆ ಬಗ್ ಹೋಗಲ್ಲ. ಜಾತ್ರೆಯಲ್ಲಿ ಮೈಕ್ ಹಿಡಿದಾಗ ಅದು ಅಲ್ಲೇ ಹಲ್ಲು ಕಿರಿಯುತ್ತೆ :)

ಅದಕ್ಕೇ ಮನೆಯಲ್ಲೇ ಶುರು ಮಾಡಿದೆವು. ಗೋಡೆಗೆ ಎರಡು ಕೌದಿ ಇಳಿಬಿಟ್ಟರೆ ಪ್ರತಿಧ್ವನಿ ಕಡಿಮೆ. ಮೊಬೈಲು ಬಾಯಿಂದ ಒಂದು ಗೇಣು ದೂರ, ಸ್ವಲ್ಪ ಓರೆಯಾಗಿ, ಉಸಿರು ಬಡಿಯದ ಹಾಗೆ. ಒಂದು ಕಿವಿಗೆ ತಂಬೂರಿ ಆಪ್, ಇನ್ನೊಂದು ಖಾಲಿ. ದಿನಕ್ಕೆ ಒಂದೇ ಸಾಲು. ಮರುದಿನ ಕೇಳಿ, ಒಂದೇ ತಪ್ಪು ಗುರುತು ಹಾಕಿ, ಅದನ್ನೇ ಮತ್ತೆ ಹಾಡೋದು. ಫೈಲಿಗೆ ತಾರೀಖು. ಆಡಾಸಿಟಿ ಪುಕ್ಕಟೆ ಸಿಗುತ್ತೆ, ತಿಂಗಳ ಹಿಂದಿನದನ್ನೂ ಇಂದಿನದನ್ನೂ ಪಕ್ಕಪಕ್ಕ ಇಟ್ಟು ಕೇಳಬಹುದು.

ಮೊದಲ ವಾರ ಅವನಿಗೆ ತನ್ನ ದನಿಯೇ ಹೇಸಿಗೆ ಆಯ್ತು. ಸಹಜ. ಹಾಡುವಾಗ ನಮ್ಮ ದನಿ ತಲೆಬುರುಡೆಯ ಮೂಲಕವೂ ನಮಗೆ ಕೇಳುತ್ತೆ, ರೆಕಾರ್ಡಿಂಗ್‌ನಲ್ಲಿ ಗಾಳಿಯಲ್ಲಿ ಬಂದದ್ದು ಮಾತ್ರ. ಊರು ಕೇಳೋದು ಈ ಎರಡನೆಯದನ್ನೇ ಅಲ್ಲವೇ?

"ಗುರು ಬೇಡವೇ?" ಅಂತೀರಿ. ಖಂಡಿತ ಬೇಕು. ಆದರೆ ಗುರು ಎದುರಿಗಿಲ್ಲದ ಹೊತ್ತಲ್ಲಿ ತಪ್ಪು ಹಿಡಿಯೋರು ಯಾರು? ಅಂತಿಮ ರೆಕಾರ್ಡಿಂಗ್‌ನಲ್ಲಿ ಎಲ್ಲೋ ಒಂದು ಸ್ವರ ತಿದ್ದಿದರೂ ನನ್ನ ತಕರಾರಿಲ್ಲ. ಕಲಿಕೆಯ ಬದಲಿಗೆ ಅದನ್ನು ಇಡಬೇಡಿ ಅಷ್ಟೇ.

ಮೊನ್ನೆ ಫೈಲ್ ಜೊತೆ ಅವನದೇ ಸಾಲು ಬಂತು: "ಮ್ಯಾಲಿನ ಸಾ ಇಳದದ. ನಾಳಿ ಮತ್ತ ಹಾಡ್ತೀನಿ."

ನಾನಿನ್ನೂ ಕೇಳಿಯೇ ಇರಲಿಲ್ಲ! ಯಾವ ಸ್ಟುಡಿಯೋ ಇದನ್ನು ಕೊಡುತ್ತೆ, ನೀವೇ ಹೇಳಿ...