ಮೈಸೂರಿನ ಬಾಳೆಲೆಗೆ ಇಂಗ್ಲಿಷ್ ಚೀಟಿ ಯಾಕೆ?

ಕನ್ನಡದ ತರುಣ ತರುಣಿಯರೇ, ಎನ್. ಎಸ್. ಹರ್ಷ ಯಾರು ಗೊತ್ತೆ? ಕ್ರಿಕೆಟ್ ಆಟಗಾರರಲ್ಲ, ಸಿನಿಮಾ ನಟರಲ್ಲ. 1969ರಲ್ಲಿ ಮೈಸೂರಿನಲ್ಲಿ ಹುಟ್ಟಿ, ಅಲ್ಲಿನ ಕಾವಾದಲ್ಲೂ ಬರೋಡದಲ್ಲೂ ಕಲಿತು, ಮತ್ತೆ ಮೈಸೂರಿಗೇ ಬಂದು ನೆಲೆಸಿದ ಕಲಾವಿದರು. 2008ರಲ್ಲಿ ವೇಲ್ಸ್ ನಾಡಿನ ಆರ್ಟೆಸ್ ಮುಂಡಿ ಪ್ರಶಸ್ತಿ ಇವರಿಗೆ ಬಂತು. ಅದರ ಮೊತ್ತ 40 ಸಾವಿರ ಪೌಂಡ್. 2017ರಲ್ಲಿ ಟೋಕಿಯೋದ ಮೋರಿ ಆರ್ಟ್ ಮ್ಯೂಸಿಯಂ ಇವರೊಬ್ಬರ ಕೃತಿಗಳದೇ ದೊಡ್ಡ ಪ್ರದರ್ಶನ ನಡೆಸಿತು. ಜಪಾನಿಗೆ ಗೊತ್ತಾದ ಮೈಸೂರಿನವರು ನಮ್ಮ ವಿಜಯನಗರದ ಹುಡುಗರಿಗೆ ಗೊತ್ತಿಲ್ಲ!

ಇವರ ಚಿತ್ರದಲ್ಲಿರುವುದು ಯಾರು? ನಾವೇ! ಸಾಲಾಗಿ ಕೂತು ಬಾಳೆಲೆಯಲ್ಲಿ ಉಣ್ಣುವ ಜನ, ಸಾಲಾಗಿ ಮಲಗಿದ ಜನ. 2008ರ ‘ಕಮ್ ಗಿವ್ ಅಸ್ ಎ ಸ್ಪೀಚ್’ ಎಂಬ ಚಿತ್ರದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮಂದಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಭಾಷಣಕ್ಕೆ ಕಾಯುತ್ತಾರೆ. ಒಬ್ಬರ ಮುಖದಂತೆ ಇನ್ನೊಬ್ಬರದಿಲ್ಲ. 2007ರ ‘ನೇಷನ್ಸ್’ನಲ್ಲಿ 190ಕ್ಕೂ ಹೆಚ್ಚು ಹೊಲಿಗೆ ಯಂತ್ರಗಳು, ಒಂದೊಂದರ ಮೇಲೂ ಒಂದೊಂದು ದೇಶದ ಬಾವುಟ. ಬಣ್ಣ, ಬಟ್ಟೆ, ದಾರ, ಯಂತ್ರ ಎಲ್ಲವೂ ಇವರಿಗೆ ಸಾಮಗ್ರಿ. ಇದನ್ನು ಅರ್ಥ ಮಾಡಿಕೊಳ್ಳಲು ಇಂಗ್ಲಿಷ್ ಎಂ.ಎ. ಬೇಕೆ?

ಬೇಕು ಎಂಬಂತೆ ಮಾಡಿಟ್ಟಿದ್ದಾರೆ. ಊಟ ನಮ್ಮದು, ಎಲೆ ನಮ್ಮದು, ಪಕ್ಕದ ಗೋಡೆಯ ಚೀಟಿ ಮಾತ್ರ ಇಂಗ್ಲಿಷ್! ಕಲಾವಿದರನ್ನು ನಾನು ದೂರುತ್ತಿಲ್ಲ. ಕೊಳ್ಳುವವರು, ವಿಮರ್ಶೆ ಬರೆಯುವವರು, ಗೋಡೆ ಕೊಡುವವರು ಎಲ್ಲರೂ ಇಂಗ್ಲಿಷಿನಲ್ಲೇ ವ್ಯವಹರಿಸಿದರೆ ಕಲಾವಿದರು ತಾನೇ ಏನು ಮಾಡಿಯಾರು?

‘ಕಲೆಗೆ ಭಾಷೆಯಿಲ್ಲ’ ಎನ್ನುತ್ತಾರೆ ಈ ಮಹನೀಯರು. ಹಾಗಿದ್ದರೆ ಇಂಗ್ಲಿಷ್ ಚೀಟಿಯನ್ನೂ ಕಿತ್ತುಹಾಕಿ ಸ್ವಾಮಿ!

ಮುದ್ರಕನಾಗಿ ಒಂದು ಗುಟ್ಟು ಹೇಳುತ್ತೇನೆ. ನಮ್ಮ ಪ್ರೆಸ್ಸಿಗೂ ಚಿತ್ರಪ್ರದರ್ಶನದ ಕ್ಯಾಟಲಾಗುಗಳು ಬರುತ್ತವೆ, ಎಲ್ಲ ಇಂಗ್ಲಿಷಿನಲ್ಲೇ. ಕನ್ನಡವನ್ನೂ ಹಾಕಿ ಎಂದರೆ ‘ಖರ್ಚು ಜಾಸ್ತಿ’ ಎಂಬ ಉತ್ತರ ಸಿದ್ಧ. ಅದು ಶುದ್ಧ ನೆಪ! ಬಣ್ಣದ ಪುಟಕ್ಕೆ ಹೇಗೂ ನಾಲ್ಕು ಪ್ಲೇಟು ಬೇಕೇ ಬೇಕು. ಅದರಲ್ಲಿ ಕಪ್ಪಿನ ಪ್ಲೇಟಿನಲ್ಲೇ ಇಂಗ್ಲಿಷ್ ಸಾಲಿನ ಕೆಳಗೆ ಕನ್ನಡದ ಸಾಲೂ ಕೂರುತ್ತದೆ. ಬೇರೆ ಪ್ಲೇಟು ಬೇಡ, ಬೇರೆ ಇಂಕು ಬೇಡ. ಬೇಕಾದದ್ದು ಮನಸ್ಸು, ಅನುವಾದಕನಿಗೆ ಒಂದಿಷ್ಟು ಸಂಭಾವನೆ.

‘ಕನ್ನಡದಲ್ಲಿ ಪದಗಳೆಲ್ಲಿವೆ?’ ಎಂಬುದು ಮುಂದಿನ ನೆಪ. ಮಿಶ್ರಮಾಧ್ಯಮ ಎನ್ನಿ, ಆಕೃತಿಪ್ರಧಾನ ಚಿತ್ರ ಎನ್ನಿ. ಕನ್ನಡ ಚಳವಳಿಗೆ ಬೀದಿಗಿಳಿದ ಅ.ನ.ಕೃ. ಅವರೇ ಕಲಾವಿದರನ್ನು ಕಾದಂಬರಿಯ ನಾಯಕರನ್ನಾಗಿ ಮಾಡಿ ಮನೆಮನೆಗೆ ಮುಟ್ಟಿಸಿದವರು. ಅಂಥ ಭಾಷೆಗೆ ಪದಗಳ ಬರವೆ? ಬಳಸದಿದ್ದರೆ ಹರಿತವಾದ ಕತ್ತಿಯೂ ತುಕ್ಕು ಹಿಡಿಯುತ್ತದೆ.

ಗೆಳೆಯರೇ, ಅಂಗಡಿಯ ಬೋರ್ಡಿಗಾಗಿ ಕೂಗಿದ್ದು ಸರಿ. ಆದರೆ ಬೋರ್ಡಿಗೆ ಕನ್ನಡ ಬಂದು, ಒಳಗಿನ ಜ್ಞಾನವೆಲ್ಲ ಇಂಗ್ಲಿಷಿನಲ್ಲೇ ಉಳಿದರೆ ನಾವು ಗೆದ್ದದ್ದು ಬಾಗಿಲನ್ನು ಮಾತ್ರ, ಮನೆಯನ್ನಲ್ಲ.

ವೆಂಕಟಪ್ಪ ಚಿತ್ರಶಾಲೆಗೆ ಹೋಗಿ. ಚಿತ್ರಕಲಾ ಪರಿಷತ್ತಿಗೆ ಹೋಗಿ. ಖಾಸಗಿ ಗ್ಯಾಲರಿಗಳಿಗೂ ಅಂಜದೆ ನುಗ್ಗಿ. ಚಿತ್ರ ನೋಡಿ, ಚೀಟಿ ನೋಡಿ. ಕನ್ನಡ ಇಲ್ಲದಿದ್ದರೆ ಅಲ್ಲಿನ ಅಭಿಪ್ರಾಯ ಪುಸ್ತಕದಲ್ಲಿ ದಪ್ಪ ಅಕ್ಷರದಲ್ಲಿ, ಕನ್ನಡದಲ್ಲೇ ಕೇಳಿ: ‘ಎಲ್ಲಿ ನಮ್ಮ ನುಡಿ?’ ನೂರು ಜನ ಕೇಳಿದರೆ ಮುಂದಿನ ಪ್ರದರ್ಶನಕ್ಕೆ ಚೀಟಿ ಬದಲಾಗಲೇಬೇಕು. ಕಲ್ಲು ಬೇಡ, ಮಸಿ ಬೇಡ. ಒಂದು ಪೆನ್ನು ಸಾಕು!