ರಿಪೋರ್ಟ್ ನಾರ್ಮಲ್ ಬಂತೆಂದು ಗುಳಿಗೆ ಬಿಡಬೇಡಿ



ವಿಜಯಪುರ, ಕಲಬುರಗಿ ಕಡೆಯಿಂದ ಇಂದಾಪುರಕ್ಕೆ ದುಡಿಯಲು ಬಂದ ನಮ್ಮ ಜನರಿಂದ ನಾನು ಪದೇ ಪದೇ ಕೇಳುವ ಮಾತಿದು: "ಸಾಹೇಬ್ರ, ರಿಪೋರ್ಟ್ ನಾರ್ಮಲ್ ಬಂತು. ಕೊಲೆಸ್ಟ್ರಾಲ್ ಗುಳಿಗಿ ಬಿಟ್ಟೀನ್ರಿ." ತಪ್ಪು ನಿಮ್ಮದಲ್ಲ, ವೈದ್ಯರಾದ ನಮ್ಮದು. ಚೀಟಿ ಬರೆದು ಕೊಡುತ್ತೇವೆ, ಗುಳಿಗೆ ಏನು ಮಾಡುತ್ತದೆ ಎಂದು ಹೇಳುವುದಿಲ್ಲ. ಇವತ್ತು ಹೇಳುತ್ತೇನೆ.

ಹಂಗಾಮಿನಲ್ಲಿ ಭವಾನಿನಗರದ ಸಕ್ಕರೆ ಕಾರ್ಖಾನೆಗೆ ಹೋಗುವ ಕಬ್ಬಿನ ಗಾಡಿಗಳನ್ನು ನೋಡಿದ್ದೀರಿ. ಕಬ್ಬು ಇಳಿಸಿದ ಮೇಲೆ ಖಾಲಿ ಗಾಡಿ ಮತ್ತೆ ಹೊಲಕ್ಕೆ. ನಮ್ಮ ಲಿವರ್‌ನಲ್ಲೂ ಇಂಥ ಗಾಡಿಗಳಿವೆ. ಎಲ್‌ಡಿಎಲ್ ರಿಸೆಪ್ಟರ್ ಎಂಬ ಪ್ರೋಟೀನ್ ಅದು. ಜೀನ್‌ನಲ್ಲಿರುವ ಬರಹದಂತೆ ಜೀವಕೋಶದ ರೈಬೋಸೋಮ್‌ಗಳು ಅದನ್ನು ಕಟ್ಟುತ್ತವೆ. ಸರಿಯಾಗಿ ಮಡಚಿ ಆಕಾರಕ್ಕೆ ಬಂದರೆ ಮಾತ್ರ ಅದು ಕೋಶದ ಹೊರಮೈಗೆ ಸಾಗುತ್ತದೆ. ಅಲ್ಲಿ ರಕ್ತದಲ್ಲಿನ ಕೆಟ್ಟ ಕೊಲೆಸ್ಟ್ರಾಲ್ ಹಿಡಿದು, ಒಳಗೆ ಇಳಿಸಿ, ಸುಮಾರು 10 ನಿಮಿಷದಲ್ಲಿ ಮತ್ತೆ ಹೊರಮೈಗೆ ಬರುತ್ತದೆ. ಇದನ್ನು ಕಂಡುಹಿಡಿದ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್ ಅವರಿಗೆ 1985ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ಸ್ಟ್ಯಾಟಿನ್ ಗುಳಿಗೆ ಲಿವರ್ ತಾನೇ ತಯಾರಿಸುವ ಕೊಲೆಸ್ಟ್ರಾಲನ್ನು ತಗ್ಗಿಸುತ್ತದೆ. ಕೊರತೆ ಬಿದ್ದ ಕೋಶ ರಕ್ತದಿಂದ ಎಳೆದುಕೊಳ್ಳಲು ಹೆಚ್ಚು ಗಾಡಿ ಕಟ್ಟುತ್ತದೆ. ಗುಳಿಗೆ ಬಿಟ್ಟರೆ ಕೆಲವೇ ವಾರಗಳಲ್ಲಿ ಗಾಡಿಗಳು ಕಡಿಮೆಯಾಗುತ್ತವೆ, ಕೊಲೆಸ್ಟ್ರಾಲ್ ಮೊದಲಿನಂತೆ ಏರುತ್ತದೆ. ನಾರ್ಮಲ್ ರಿಪೋರ್ಟ್ ಎಂದರೆ ಗುಳಿಗೆ ಕೆಲಸ ಮಾಡುತ್ತಿದೆ ಎಂದರ್ಥ, ರೋಗ ಹೋಯಿತು ಎಂದಲ್ಲ.

ಇನ್ನೊಂದು ಮಾತು. "ಮೈಮುರಿದು ದುಡಿಯುವವನಿಗೆ ಹಾರ್ಟ್ ಅಟ್ಯಾಕ್ ಬರೋದಿಲ್ಲ" ಎಂದು ನಂಬಬೇಡಿ. ಕೆಲವು ಮನೆತನಗಳಲ್ಲಿ ಆ ಜೀನ್‌ನಲ್ಲೇ ದೋಷವಿರುತ್ತದೆ. ಕಟ್ಟಿದ ಪ್ರೋಟೀನ್ ಎಷ್ಟೋ ಸಲ ಹೊರಮೈ ತಲುಪದೆ ಕೋಶದೊಳಗೇ ಸಿಕ್ಕಿಕೊಳ್ಳುತ್ತದೆ. ಸಣಕಲು ಮೈಯವರಿಗೂ ಹುಟ್ಟಿನಿಂದಲೇ ಕೊಲೆಸ್ಟ್ರಾಲ್ ಜಾಸ್ತಿ ಇರುತ್ತದೆ. ತಂದೆ ಅಥವಾ ತಾಯಿಗೆ ಈ ದೋಷವಿದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ.

ಆದ್ದರಿಂದ ನನ್ನ ವಿನಂತಿ:

✅ ಊರಿಗೆ ಜಾತ್ರೆಗೆ, ಹಬ್ಬಕ್ಕೆ ಹೋಗುವಾಗ ಗುಳಿಗೆ, ಚೀಟಿ ಎರಡೂ ಜೊತೆಗಿರಲಿ.
✅ ತಂದೆ, ಅಣ್ಣ-ತಮ್ಮಂದಿರಿಗೆ 55ರೊಳಗೆ, ತಾಯಿ, ಅಕ್ಕ-ತಂಗಿಯರಿಗೆ 60ರೊಳಗೆ ಹಾರ್ಟ್ ಅಟ್ಯಾಕ್ ಆಗಿದ್ದರೆ, ಅಥವಾ ಯಾರದಾದರೂ ಎಲ್‌ಡಿಎಲ್ 190 ದಾಟಿದ್ದರೆ, ಮಕ್ಕಳ ರಕ್ತವನ್ನೂ ಪರೀಕ್ಷೆ ಮಾಡಿಸಿ.
✅ ಮೈಕೈ ಬಹಳ ನೋಯುತ್ತಿದ್ದರೆ, ಅಥವಾ ಬಸಿರಿನ ವಿಚಾರವಿದ್ದರೆ ಕೂಡಲೇ ವೈದ್ಯರಿಗೆ ತಿಳಿಸಿ.

ಗುಳಿಗೆ ಬಿಡುವ ಮುಂಚೆ ಒಂದು ಮಾತು ಕೇಳಿ. ಕೇಳಿದರೆ ಯಾವ ವೈದ್ಯರೂ ಬೇಸರಪಡಬಾರದು. ಊರಿನಲ್ಲಿರುವ ಅಣ್ಣ-ತಮ್ಮಂದಿರಿಗೂ ಇದನ್ನು ಕಳಿಸಿ.