ದಾಸೋಹದ ಎಣ್ಣೆ, ಹೊಲದ ಬೀಜ

ಶೇಂಗಾ ಹಿಂಡಿ ಇಲ್ಲದ ಊಟ, ಶೇಂಗಾ ಎಣ್ಣೆ ಇಲ್ಲದ ಒಗ್ಗರಣೆ ನಮ್ಮ ಕರೋಶಿ, ಚಿಕ್ಕೋಡಿ, ರಾಯಬಾಗ ಸೀಮೆಯಲ್ಲಿ ಅಪರೂಪ. ಎಣ್ಣೆ ಕೊಳ್ಳುವಾಗ ನಾವು ಬಣ್ಣ ನೋಡುತ್ತೇವೆ, ವಾಸನೆ ನೋಡುತ್ತೇವೆ, ದರ ಕೇಳುತ್ತೇವೆ. ಅದು ಯಾವ ತಳಿಯ ಬೀಜದ್ದೆಂದು ಕೇಳುವವರು ವಿರಳ. ಆರೋಗ್ಯದ ವಿಚಾರವು ಆ ಪ್ರಶ್ನೆಯಿಂದಲೇ ಆರಂಭವಾಗಬೇಕೆಂಬುದು ನಮ್ಮ ಅಭಿಪ್ರಾಯ.

ತೇವ ಹೆಚ್ಚಿದ ದಿನಗಳಲ್ಲಿ ಶೇಂಗಾ ಬೆಳೆಗೆ ಎಲೆಚುಕ್ಕೆ ಹಾಗೂ ತುಕ್ಕು ರೋಗಗಳು ತಗಲುತ್ತವೆ. ಎಲೆ ಉದುರಿ ಕಾಯಿ ಜೊಳ್ಳಾಗುತ್ತದೆ. ರೈತನು ಮತ್ತೆ ಮತ್ತೆ ಔಷಧ ಸಿಂಪಡಿಸಬೇಕಾಗುತ್ತದೆ. ಆ ವಿಷ ಮೊದಲು ತಾಕುವುದು ಪಂಪು ಹೊತ್ತವನ ಮೈಗೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ರೂಪಿಸಿದ ಜಿಪಿಬಿಡಿ-4 ತಳಿಯು ಈ ಎರಡೂ ರೋಗಗಳನ್ನು ತಡೆದುಕೊಳ್ಳಬಲ್ಲದು. ಇನ್ನು 2020ರಲ್ಲಿ ರಾಷ್ಟ್ರಕ್ಕೆ ಸಮರ್ಪಿತವಾದ ಗಿರ್ನಾರ್-4 ಮತ್ತು ಗಿರ್ನಾರ್-5 ತಳಿಗಳ ಎಣ್ಣೆಯಲ್ಲಿ ಒಲಿಯಿಕ್ ಆಮ್ಲ ಶೇ. 80ರ ಸುಮಾರಿದೆ, ಸಾಮಾನ್ಯ ಶೇಂಗಾದಲ್ಲಿ ಅದು ಅರ್ಧದ ಆಸುಪಾಸು. ಈ ಆಮ್ಲ ಹೆಚ್ಚಿದ್ದರೆ ಎಣ್ಣೆ ಬೇಗ ಕಮಟುವುದಿಲ್ಲ, ಹೃದಯಕ್ಕೂ ಹಿತಕರ. ಹಿತವೆಂದು ಕೈಬಿಚ್ಚಿ ಸುರಿಯುವುದು ಮಾತ್ರ ತರವಲ್ಲ.

ಜವಾರಿ ಬೀಜವಿರಲು ಹೊಸ ತಳಿಯೇಕೆ ಎಂಬ ಸಂಶಯ ಸಹಜವಾದುದು. ಆದರೆ ಗಾಣದ ಕಣ್ಣಪ್ಪನವರ ಕಾಲದಲ್ಲಿ ಶೇಂಗಾ ಈ ನಾಡಿಗೆ ಬಂದೇ ಇರಲಿಲ್ಲ. ಅದರ ತವರು ದಕ್ಷಿಣ ಅಮೆರಿಕ. ಹೊರಗಿನಿಂದ ಬಂದುದನ್ನು ಆಯ್ದು, ತಿದ್ದಿ, ನಮ್ಮದಾಗಿಸಿದ್ದು ಒಕ್ಕಲಿಗನ ಕಾಯಕ. ಈ ತಳಿಗಳೂ ಒಂದು ಗಿಡದ ಪರಾಗವನ್ನು ಇನ್ನೊಂದರ ಹೂವಿಗೆ ಕೂಡಿಸಿ, ಹಲವು ಪೀಳಿಗೆ ಆಯ್ದು ಪಡೆದವು, ಕುಲಾಂತರಿಗಳಲ್ಲ. ಶೇಂಗಾ ತನ್ನಲ್ಲೇ ಪರಾಗಸ್ಪರ್ಶಗೊಳ್ಳುವ ಬೆಳೆಯಾದ್ದರಿಂದ ರೈತನು ಬೀಜವನ್ನು ತಾನೇ ಉಳಿಸಿಕೊಳ್ಳಬಹುದು.

ತಳಿಯೊಂದರಿಂದಲೇ ಎಲ್ಲವೂ ಆಗದು. ಹಸಿಯಾಗಿ ಕೂಡಿಟ್ಟ ಕಾಯಿಗೆ ಬೂಸ್ಟು ಹಿಡಿದರೆ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಅದು ಯಕೃತ್ತಿನ ಕ್ಯಾನ್ಸರಿಗೆ ಕಾರಣವಾಗಬಲ್ಲದು. ಹುರಿದರೂ ಪೂರ್ತಿ ನಾಶವಾಗದು. ಆದುದರಿಂದ ಕಿತ್ತ ಕೂಡಲೇ ಚೆನ್ನಾಗಿ ಒಣಗಿಸಬೇಕು. ಮುಗ್ಗಿದ ಕಾಳನ್ನು ಆರಿಸಿ ಎಸೆಯಬೇಕು. ಉತ್ತಮ ತಳಿಯ ಕಾಳನ್ನು ಬೇರೆ ಕಾಳಿನೊಡನೆ ಬೆರೆಸಿ ಗಾಣಕ್ಕೆ ಹಾಕಿದರೆ ಅದರ ವಿಶೇಷ ಗುಣವೂ ಉಳಿಯದು, ಬೆಳೆದವನಿಗೆ ಹೆಚ್ಚಿನ ಬೆಲೆಯೂ ದೊರೆಯದು.

ಸದ್ಭಕ್ತರಲ್ಲಿ ನಮ್ಮ ಅರಿಕೆ ಇಷ್ಟೇ. ಮುಂದಿನ ಬಿತ್ತನೆಗೆ ಮುನ್ನ ರೈತ ಸಂಪರ್ಕ ಕೇಂದ್ರದಲ್ಲಿ ಈ ತಳಿಗಳ ಬೀಜವನ್ನು ವಿಚಾರಿಸಿರಿ. ನಾಲ್ಕು ಗುಂಟೆಯಲ್ಲಾದರೂ ಬಿತ್ತಿ ನೋಡಿರಿ. ದಾಸೋಹಕ್ಕೆ ಶೇಂಗಾ ಸಲ್ಲಿಸುವವರು ಒಣಗಿಸಿ, ಆರಿಸಿ, ತಳಿಯ ಹೆಸರು ಬರೆದು ಬೇರೆಯಾಗಿ ತರಲಿ. ಉಂಡವನ ಆರೋಗ್ಯವನ್ನೂ ಬೆಳೆದವನ ಆರೋಗ್ಯವನ್ನೂ ಕಾಯುವ ಅನ್ನವೇ ಪ್ರಸಾದವೆನಿಸಿಕೊಳ್ಳಲು ಯೋಗ್ಯ.